ತಾರಸಿ ಮೇಲೆ ಟ್ಯಾಂಕ್ ಇಡೋ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ

ಹೋದ ವರ್ಷ ಕೆರೆಬಿಳಚಿಯ ನಮ್ಮ ಮನೆ ತಾರಸಿ ಮೇಲೆ 5,000 ಲೀಟರ್ ಟ್ಯಾಂಕ್ ಇಟ್ಟು, ಅಲ್ಲಿಂದ ಹಿತ್ತಲ ತರಕಾರಿಗೆ ಡ್ರಿಪ್ ಬಿಡೋಣ ಅಂತ ಹೊರಟಿದ್ದೆ. "ಆರ್‌ಸಿಸಿ ಐತಲ್ಲ, ಏನೂ ಆಗಲ್ಲ ಬಿಡಪ್ಪ" ಅಂದ್ರು ಮೇಸ್ತ್ರಿ. ನನಗೆ ಯಾಕೋ ಧೈರ್ಯ ಬರಲಿಲ್ಲ. ಆ ಜಾಗದ ಕೆಳಗೇ ಅಪ್ಪ ಅಮ್ಮ ಮಲಗೋ ಕೋಣೆ.

ಲೆಕ್ಕ ನೋಡಿ. ಒಂದು ಲೀಟರ್ ನೀರು ಒಂದು ಕೆಜಿ, ಅಂದ್ರೆ ತುಂಬಿದ ಟ್ಯಾಂಕ್ ಐದು ಟನ್. ಓಡಾಡೋ ತಾರಸಿಗೆ ಐಎಸ್ 875 ಮಾನಕದಲ್ಲಿ ಹಿಡಿಯೋ ಭಾರ ಚದರ ಮೀಟರ್‌ಗೆ ಸುಮಾರು 150 ಕೆಜಿ. ಟ್ಯಾಂಕಿನಲ್ಲಿ ನೀರು ಒಂದೂವರೆ ಮೀಟರ್ ನಿಂತರೆ ಅದರಡಿಯ ಒಂದೊಂದು ಚದರ ಮೀಟರ್ ಮೇಲೂ 1,500 ಕೆಜಿ. ಹತ್ತು ಪಟ್ಟು!

ಅಡಿಕೆದೂ ಇದೇ ಕತೆ. ಒಣಗೋಕೆ ತೆಳ್ಳಗೆ ಹರಡಿದ್ದು ಬೇರೆ, ರೇಟು ಏರಲಿ ಅಂತ ಮಹಡಿ ಕೋಣೆಯಲ್ಲಿ ಪೇರಿಸಿದ್ದು ಬೇರೆ. 65 ಕೆಜಿಯ ಐದು ಮೂಟೆ ಒಂದರ ಮೇಲೊಂದು ಇಟ್ಟರೆ ಅರ್ಧ ಚದರ ಮೀಟರ್ ಜಾಗದಲ್ಲೇ 325 ಕೆಜಿ. ವಾಸದ ಕೋಣೆಗೆ ಹಿಡಿಯೋದು ಚದರ ಮೀಟರ್‌ಗೆ ಸುಮಾರು 200 ಅಷ್ಟೇ.

ಪಂಚಾಯ್ತಿಗೆ ಕೊಡೋ ಪ್ಲಾನ್ ಬರೆಯೋರು ಕೋಣೆ, ಬಾಗಿಲು ಎಲ್ಲಿ ಅಂತ ತೋರಿಸ್ತಾರೆ. ಭಾರ ಸ್ಲ್ಯಾಬಿನಿಂದ ಬೀಮಿಗೆ, ಪಿಲ್ಲರಿಗೆ, ಪಾಯಕ್ಕೆ, ಮಣ್ಣಿಗೆ ಹೇಗೆ ಇಳಿಯುತ್ತೆ, ಎಲ್ಲಿ ಎಷ್ಟು ಕಂಬಿ ಬೇಕು ಅಂತ ಲೆಕ್ಕ ಹಾಕೋದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ. ಅಲ್ಲಿ ಕೆಮ್ಮಣ್ಣಿನ ಪಾಯ ನಡೆಯಲ್ಲ. ಸಜ್ಜಾದ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಹಾಕುವಾಗ ಕೂಲಿಯವರು ತುಳಿದು ಅದು ಕೆಳಗೆ ಕೂತರೆ, ಸೆಂಟ್ರಿಂಗ್ ಬಿಚ್ಚಿದ ದಿನವೇ ಬೀಳಬಹುದು.

ದೊಡ್ಡ ಕಟ್ಟಡಗಳೂ ಬಿದ್ದಿವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು.

ನಮ್ಮ ಮನೆ ನೋಡೋಕೆ ಬಂದ ಎಂಜಿನಿಯರ್ ಮೊದಲು ಕೇಳಿದ್ದು ಹಳೇ ಡ್ರಾಯಿಂಗ್. ಇರಲಿಲ್ಲ. ಒಳಗೆ ಯಾವ ಕಂಬಿ ಎಷ್ಟಿದೆ ಅಂತ ಗೊತ್ತಿಲ್ಲದೆ ಸ್ಲ್ಯಾಬ್ ಮೇಲೆ ಟ್ಯಾಂಕ್ ಬೇಡ ಅಂದ್ರು. ಹಿತ್ತಲಲ್ಲಿ ನೆಲದಿಂದಲೇ ನಾಲ್ಕು ಪಿಲ್ಲರ್ ಎಬ್ಬಿಸೋಕೆ ಡಿಸೈನ್ ಬರೆದು ಕೊಟ್ಟರು. ಅವರ ಫೀಸು ಟ್ಯಾಂಕಿನ ಬೆಲೆಗಿಂತ ಕಡಿಮೆ ಆಯ್ತು. ಪಾಯದ ಗುಂಡಿ ಮಾತ್ರ ಮೇಸ್ತ್ರಿ ಹೇಳಿದ್ದಕ್ಕಿಂತ ಎರಡು ಅಡಿ ಆಳ ತೆಗೆಸಿದರು, ಆ ಖರ್ಚು ನನಗೆ ಸ್ವಲ್ಪ ಚುರುಕ್ ಅಂದಿದ್ದು ನಿಜ.

ನೀವು ಹೊಸದಾಗಿ ಮನೆನೋ ಗೋದಾಮೋ ಕಟ್ಟಿಸ್ತಿದ್ರೆ, ಮುಂದೆ ಟ್ಯಾಂಕ್, ಮೂಟೆ ಎಲ್ಲಿ ಬರುತ್ತೆ ಅಂತ ಎಂಜಿನಿಯರ್‌ಗೆ ಮೊದಲೇ ಹೇಳಿ. ಕಾಂಕ್ರೀಟ್ ಹಾಕೋ ಮುಂಚೆ, ಪಕ್ಕದಲ್ಲಿ ಟೇಪು ಹಿಡಿದು, ಕಂಬಿ ಕಟ್ಟಿದ್ದನ್ನ ಮೊಬೈಲ್‌ನಲ್ಲಿ ಫೋಟೋ ತೆಗೆದು ಅವರಿಗೆ ಕಳಿಸಿ. ಅವರು ಸರಿ ಅನ್ನೋವರೆಗೂ ಮಿಕ್ಸರ್ ಚಾಲೂ ಮಾಡಿಸಬೇಡಿ.