ದುಡಿಯುವ ಕುದುರೆಗೆ ಸಮತೋಲನ ಆಹಾರ

ಮೈಸೂರಿನ ಜಟಕಾ ಗಾಡಿಗಳಲ್ಲಿ, ಮದುವೆ ಹಾಗೂ ಜಾತ್ರೆಗಳ ಮೆರವಣಿಗೆಗಳಲ್ಲಿ ದುಡಿಯುವ ಕುದುರೆ ಇಂದಿಗೂ ಹಲವು ಸಂಸಾರಗಳಿಗೆ ಅನ್ನ ನೀಡುತ್ತಿದೆ. ದನಕರುಗಳನ್ನು ಸಾಕಿ ಅನುಭವವಿರುವವರು ಕುದುರೆಯನ್ನೂ ಅದೇ ರೀತಿ ಮೇಯಿಸಬಹುದೆಂದು ಭಾವಿಸುವುದುಂಟು. ಇದು ಸರಿಯಲ್ಲ. ಬೆಳಿಗ್ಗೆ ಚೆನ್ನಾಗಿದ್ದ ಕುದುರೆ ಸಂಜೆಗೆ ಹೊಟ್ಟೆಶೂಲೆಯಿಂದ ಹೊರಳಾಡಿ ಸತ್ತಿತೆಂದು ಕೇಳುತ್ತೇವೆ. ಅನೇಕ ವೇಳೆ ಇದರ ಮೂಲ ಮೇವಿನ ಕ್ರಮದಲ್ಲೇ ಇರುತ್ತದೆ.

ಕುದುರೆಯ ಹೊಟ್ಟೆಯ ರಚನೆ

ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ನಾರಿನ ಮೇವು ಜೀರ್ಣವಾಗುವುದು ಕೊನೆಯ ಭಾಗವಾದ ದೊಡ್ಡ ಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳಿಂದ. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಅದರ ಪಿಷ್ಟವು ಜೀರ್ಣವಾಗದೆ ದೊಡ್ಡ ಕರುಳನ್ನು ಸೇರಿ ಹುಳಿಯುತ್ತದೆ. ಆಗ ಹೊಟ್ಟೆಶೂಲೆಯಾಗಲಿ ಗೊರಸಿನ ಉರಿಯೂತವಾಗಲಿ ಬರುತ್ತದೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಹಲವು ಬಾರಿ ಮೇವು ಕೊಡುವುದೇ ಮೊದಲ ನಿಯಮ.

ತೂಕ ತಿಳಿಯುವುದು ಹೇಗೆ?

ಮೇವಿನ ಪ್ರಮಾಣವನ್ನು ಕುದುರೆಯ ತೂಕದಿಂದ ನಿರ್ಧರಿಸಬೇಕು. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರುಗಳಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880 ರಿಂದ ಭಾಗಿಸಿದರೆ ಕಿಲೋಗ್ರಾಮುಗಳಲ್ಲಿ ತೂಕ ಸಿಗುತ್ತದೆ. ಸುತ್ತಳತೆ 150, ಉದ್ದ 145 ಇದ್ದರೆ ತೂಕ ಸುಮಾರು 275 ಕಿಲೋ.

ದಿನಕ್ಕೆ ತೂಕದ ಶೇಕಡ 2 ರಷ್ಟು ಒಣ ಅಂಶ ಬೇಕು. ಅಂದರೆ ಈ ಕುದುರೆಗೆ ಸುಮಾರು 5½ ಕಿಲೋ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹುಲ್ಲೇ ಆಗಿರಬೇಕು. ಸಾಧಾರಣ ದುಡಿಮೆಯ 275 ಕಿಲೋ ಕುದುರೆಗೆ ಈ ಮುಂದಿನ ಪ್ರಮಾಣವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು:

ಒಳ್ಳೆಯ ಒಣ ಹುಲ್ಲು – 3½ ಕಿಲೋ
ಹಸಿ ಕುದುರೆ ಮಸಾಲೆ ಸೊಪ್ಪು – 4 ರಿಂದ 5 ಕಿಲೋ
ಹುರುಳಿ – ¾ ಕಿಲೋ
ಓಟ್ಸ್ ಅಥವಾ ನುಚ್ಚು ಮಾಡಿದ ಜೋಳ – ¾ ಕಿಲೋ
ಗೋಧಿ ಬೂಸಾ – ¼ ಕಿಲೋ
ಉಪ್ಪು – 30 ಗ್ರಾಂ

ಕಾಳು ಮತ್ತು ಬೂಸಾದ ಮಿಶ್ರಣವನ್ನು ಮೂರು ಹೊತ್ತಿಗೆ ಹಂಚಿರಿ. ಒಂದು ಹೊತ್ತಿಗೆ 1 ಕಿಲೋ ಮೀರಬಾರದು. ಕಾಳಿಗೆ ಮುಂಚೆ ಸ್ವಲ್ಪ ಹುಲ್ಲು ಹಾಕಿರಿ. ದುಡಿಮೆಯಿಲ್ಲದ ದಿನ ಕಾಳನ್ನು ಅರ್ಧಕ್ಕೆ ಇಳಿಸಿ ಹುಲ್ಲನ್ನು ಹೆಚ್ಚಿಸಿರಿ. ಯಾವುದೇ ಹೊಸ ಮೇವನ್ನು ವಾರ ಹತ್ತು ದಿನಗಳಲ್ಲಿ ಕ್ರಮೇಣ ರೂಢಿ ಮಾಡಿಸಬೇಕು.

ಹುರುಳಿಯನ್ನು ಬೇಯಿಸಿ ಕೊಡಿರಿ

ನಮ್ಮ ಹಿರಿಯರು ಕುದುರೆಗೆ ಹುರುಳಿಯನ್ನು ಬೇಯಿಸಿ ಕೊಡುತ್ತಿದ್ದುದಕ್ಕೆ ಕಾರಣವಿದೆ. ಹುರುಳಿಯಲ್ಲಿ ಶೇಕಡ 22 ರಷ್ಟು ಸಸಾರಜನಕವಿದೆ. ಆದರೆ ಹಸಿ ಕಾಳಿನಲ್ಲಿ ಅದರ ಜೀರ್ಣಕ್ರಿಯೆಯನ್ನು ತಡೆಯುವ ವಸ್ತುಗಳೂ ಇವೆ. ಬೇಯಿಸಿದಾಗ ಇವುಗಳ ಬಹುಭಾಗ ನಾಶವಾಗುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ಬೇಯಿಸಿ, ಆರಿಸಿ ಕೊಡಿರಿ. ಮೇಲೆ ಹೇಳಿದ ಪ್ರಮಾಣ ಒಣ ಕಾಳಿನದು. ಬೆಂದ ಕಾಳನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಗೋದಲಿಯಲ್ಲಿ ಉಳಿದು ಹಳಸಿದ್ದನ್ನು ತೆಗೆದು ಚೆಲ್ಲಿರಿ.

ಬೂಸಾ ಹೆಚ್ಚಾದರೆ ಮೂಳೆ ಸವೆಯುತ್ತದೆ

ಬೂಸಾ ಮತ್ತು ತೌಡುಗಳಲ್ಲಿ ರಂಜಕ ಬಹಳ, ಸುಣ್ಣದ ಅಂಶ ತೀರ ಕಡಿಮೆ. ಕುದುರೆಯ ಆಹಾರದಲ್ಲಿ ಸುಣ್ಣದ ಅಂಶವು ರಂಜಕಕ್ಕಿಂತ ಹೆಚ್ಚಾಗಿ, ಸುಮಾರು ಒಂದೂವರೆ ಪಟ್ಟು ಇರಬೇಕು. ಅಗ್ಗವೆಂದು ತಿಂಗಳುಗಟ್ಟಲೆ ಬೂಸಾವನ್ನೇ ಹೆಚ್ಚಾಗಿ ತಿನ್ನಿಸಿದರೆ ದೇಹವು ತನ್ನ ಮೂಳೆಗಳಿಂದಲೇ ಸುಣ್ಣವನ್ನು ಎಳೆದುಕೊಳ್ಳುತ್ತದೆ. ಮೊದಲು ಒಂದು ಕಾಲು, ಮತ್ತೊಮ್ಮೆ ಇನ್ನೊಂದು ಕಾಲು ಕುಂಟುತ್ತದೆ. ಅನಂತರ ದವಡೆ ಹಾಗೂ ಮುಖದ ಮೂಳೆಗಳು ಊದಿಕೊಳ್ಳುತ್ತವೆ. ಲಾಳದ ದೋಷವೆಂದು ತಿಳಿದು ಲಾಳ ಬದಲಾಯಿಸುತ್ತಾ ಕಾಲ ಕಳೆಯುವವರಿದ್ದಾರೆ. ದೋಷ ಇರುವುದು ಗೋದಲಿಯಲ್ಲಿ. ಭತ್ತದ ಹುಲ್ಲಿನಲ್ಲಿಯೂ ಕೆಲವು ನೆಟ್ಟ ಹುಲ್ಲುಗಳಲ್ಲಿಯೂ ಇರುವ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕಿ ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಸಮೃದ್ಧವಾಗಿದೆ. ಮೇಲಿನ ಮಾದರಿಯಲ್ಲಿ ಅದನ್ನು ಸೇರಿಸಿರುವುದು ಇದಕ್ಕಾಗಿಯೇ. ಅದು ಸಿಗದ ದಿನಗಳಲ್ಲಿ ಹುಲ್ಲನ್ನು 1 ಕಿಲೋ ಹೆಚ್ಚಿಸಿ, ಪಶು ಆಹಾರಕ್ಕೆಂದು ಮಾರುವ ಸುಣ್ಣಕಲ್ಲಿನ ಪುಡಿ 30 ಗ್ರಾಮನ್ನು ಕಾಳಿನೊಂದಿಗೆ ಬೆರೆಸಿರಿ. ಗೋಡೆಗೆ ಬಳಿಯುವ ಸುಣ್ಣವನ್ನು ಎಂದಿಗೂ ಉಪಯೋಗಿಸಬೇಡಿರಿ.

ಉಪ್ಪು ಮತ್ತು ನೀರು

ಬೆವರಿನಲ್ಲಿ ಕುದುರೆ ಬಹಳ ಉಪ್ಪನ್ನು ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ದುಡಿಯುವಾಗ 30 ಗ್ರಾಮಿನ ಜೊತೆಗೆ ನೆಕ್ಕಲು ಉಪ್ಪಿನ ಗಟ್ಟಿಯನ್ನೂ ಇಡುವುದು ಒಳ್ಳೆಯದು. ಬಿಡುವಿನ ದಿನ ಸುಮಾರು 15 ಲೀಟರ್ ನೀರು ಸಾಕಾದರೆ, ಬಿಸಿಲಿನ ದುಡಿಮೆಯಲ್ಲಿ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಬೇಕಾಗುತ್ತದೆ. ನೀರು ಸಾಲದಿದ್ದರೆ ಒಣ ಹುಲ್ಲು ಕರುಳಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ದಣಿದು ಬಂದ ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ನೀರು ಕುಡಿಸಿ, ಮೈ ಆರಿದ ಮೇಲೆ ಕಾಳು ಕೊಡಿರಿ.

ಇವನ್ನು ಕೊಡಬಾರದು

ಕೋಳಿ ಆಹಾರವನ್ನು ಕುದುರೆಯ ಬಳಿ ಇಡಲೇಬೇಡಿರಿ. ಕೋಳಿಗಳ ರೋಗ ತಡೆಯಲು ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಅಲ್ಪ ಪ್ರಮಾಣದಲ್ಲಿಯೂ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲಬಲ್ಲದು. ದನಗಳ ಆಹಾರದ ಚೀಲದ ಮೇಲೂ ಈ ಹೆಸರಿದೆಯೇ ಎಂದು ನೋಡಿರಿ. ಬೂಷ್ಟು ಹಿಡಿದ ಮುಸುಕಿನ ಜೋಳ ಮೆದುಳಿಗೆ ಹಾನಿ ಮಾಡುತ್ತದೆ. ಹರಳು ಹಿಂಡಿಯೂ ವಿಷ. ಶಕ್ತಿ ಬರುತ್ತದೆಂದು ಮಾರುವ ಟಾನಿಕ್ಕು, ಪುಡಿಗಳನ್ನು ಒಂದರ ಮೇಲೊಂದು ಕೊಡುವುದು ಹಣದ ವ್ಯಯ ಮಾತ್ರವಲ್ಲ. ಸೆಲೆನಿಯಂನಂಥ ಲವಣ ಹೆಚ್ಚಾದರೆ ಕೂದಲು ಉದುರಿ ಗೊರಸು ಬಿರಿಯುತ್ತದೆ.

ಕುದುರೆ ಮೇವು ಬಿಟ್ಟು, ಹೊಟ್ಟೆಯ ಕಡೆ ತಿರುಗಿ ನೋಡುತ್ತಾ, ಕಾಲಿನಿಂದ ನೆಲ ಕೆರೆದು ಮತ್ತೆ ಮತ್ತೆ ಮಲಗಿ ಎದ್ದರೆ ಅದು ಹೊಟ್ಟೆಶೂಲೆ. ಕೂಡಲೇ ಮೇವು ತೆಗೆದು ಪಶುವೈದ್ಯರನ್ನು ಕರೆಯಿರಿ. ಬಾಯಿಗೆ ಎಣ್ಣೆ, ಕಷಾಯ ಹೊಯ್ಯಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದರೆ ಉಳಿಸುವುದು ಕಷ್ಟ. ಹುಲ್ಲು, ನೀರು, ಉಪ್ಪು, ಅಳತೆಯ ಕಾಳು ಇವಿಷ್ಟನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಕುದುರೆ ಬಹುಕಾಲ ಆರೋಗ್ಯದಿಂದ ದುಡಿದು ಸಾಕಿದವರ ಮನೆಯನ್ನೂ ಸಾಕುತ್ತದೆ.