ಕ್ರಿಸ್ಮಸ್ ದ್ರಾಕ್ಷಾರಸ: ಜಾಡಿಯೊಳಗಿನ ತಾಪದ ಕಥೆ

ಆಗಮನ ಕಾಲ ಸಮೀಪಿಸುತ್ತಿದ್ದಂತೆ ಕರಾವಳಿಯ ಕಥೊಲಿಕ ಮನೆಗಳ ಅಟ್ಟದಿಂದ ಗಾಜಿನ ಜಾಡಿಗಳೂ ಪಿಂಗಾಣಿ ಭರಣಿಗಳೂ ಕೆಳಗಿಳಿಯುತ್ತವೆ. ಕಪ್ಪು ದ್ರಾಕ್ಷಿ, ಸಕ್ಕರೆ, ಹಿಡಿ ಗೋಧಿ, ಚಿಟಿಕೆ ಯೀಸ್ಟ್, ಚಕ್ಕೆ, ಲವಂಗ. ಕ್ರಮ ಮನೆಮನೆಗೂ ಬೇರೆ. ಆದರೆ ಪ್ರತಿಯೊಂದು ಮನೆಯದೂ ಅಜ್ಜಿಯಿಂದ ಬಂದದ್ದೇ. ಹೀಗಿದ್ದೂ ಒಂದೇ ಕೈ, ಒಂದೇ ಕ್ರಮದಲ್ಲಿ ತಯಾರಿಸಿದ ರಸವು ಒಂದು ವರ್ಷ ಸೊಗಸಾಗಿ, ಮರುವರ್ಷ ಮೂಗು ಮುಚ್ಚಿಕೊಳ್ಳುವಂತೆ ಆಗುವುದೇಕೆ?

ನಮ್ಮ ಮನೆಯಲ್ಲಿಯೂ ಒಮ್ಮೆ ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಮುಗಿಸಿ ಬಂದು, ನೆಂಟರ ಮುಂದೆ ಜಾಡಿ ತೆರೆದಾಗ ವಿನೆಗರಿನ ವಾಸನೆ ಎದ್ದಿತು. ದ್ರಾಕ್ಷಿಯನ್ನು ದೂರಿದೆವು, ಯೀಸ್ಟನ್ನು ದೂರಿದೆವು. ಜಾಡಿಯನ್ನು ಒಲೆಯ ಪಕ್ಕದ ಕಪಾಟಿನಲ್ಲಿಟ್ಟ ನಮ್ಮನ್ನೇ ನಾವು ದೂರಿಕೊಳ್ಳಲು ಇನ್ನೊಂದು ವರ್ಷ ಬೇಕಾಯಿತು.

ಯೀಸ್ಟ್ ಎಂಬುದು ಜೀವವುಳ್ಳ ವಸ್ತು. ಅದು ಸಕ್ಕರೆಯನ್ನು ಆಲ್ಕೋಹಾಲ್ ಹಾಗೂ ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುವಾಗ ತಾಪವನ್ನೂ ಹೊರಹಾಕುತ್ತದೆ. ಆದುದರಿಂದ ಹುದುಗು ರಭಸದಲ್ಲಿರುವ ಮೊದಲ ನಾಲ್ಕೈದು ದಿನಗಳಲ್ಲಿ ಜಾಡಿಯೊಳಗಿನ ರಸವು ಕೋಣೆಗಿಂತ ಹಲವು ಡಿಗ್ರಿ ಬಿಸಿಯಾಗಿರುತ್ತದೆ. ಮೇಲೆ ತೇಲುವ ಸಿಪ್ಪೆಯ ಪದರವಂತೂ ಕೆಳಗಿನ ರಸಕ್ಕಿಂತಲೂ ಬಿಸಿ. ಕೆಂಪು ದ್ರಾಕ್ಷಾರಸಕ್ಕೆ ಸುಮಾರು 20ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತಕರ. ನಮ್ಮ ಕರಾವಳಿಯಲ್ಲಿ ನವೆಂಬರಿನ ಮಧ್ಯಾಹ್ನವೇ 32 ಡಿಗ್ರಿ ದಾಟುವುದುಂಟು. ಅದರ ಮೇಲೆ ಹುದುಗಿನ ಸ್ವಂತ ಬಿಸಿ! ತಾಪ ಏರಿದಾಗ ಯೀಸ್ಟ್ ಅವಸರದಿಂದ ದುಡಿದು, ಗಂಟಲು ಸುಡುವ ಘಾಟನ್ನು ರಸಕ್ಕೆ ಬಿಟ್ಟುಕೊಡುತ್ತದೆ. ಇನ್ನೂ ಏರಿದರೆ ಸಕ್ಕರೆ ಮುಗಿಯುವ ಮೊದಲೇ ಸೋತು ಸಾಯುತ್ತದೆ. ಆಗ ಗಾಳಿಯಾಡುವ ಜಾಡಿಯಲ್ಲಿ ಹುಳಿಯ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ.

ಈ ಕಷ್ಟ ಹೊಸದಲ್ಲ. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಡ್ಯೂಕ್ ಐದನೆಯ ಆಲ್ಬ್ರೆಕ್ಟ್ ಒಂದು ಆಜ್ಞೆ ಹೊರಡಿಸಿದನು. ಸಂತ ಜಾರ್ಜರ ಹಬ್ಬವಾದ ಏಪ್ರಿಲ್ 23ರಿಂದ ಸಂತ ಮಿಖಾಯೇಲರ ಹಬ್ಬವಾದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಕಾಯಿಸಕೂಡದು. ಸಂತರ ಹಬ್ಬಗಳೇ ಪಂಚಾಂಗವಾಗಿದ್ದ ಕಾಲವದು. ಬೇಸಿಗೆಯ ಬಿಯರ್ ಕೆಡುತ್ತಿತ್ತು. ಕಾರಣ ತಿಳಿಯದಿದ್ದರೂ ಪರಿಹಾರ ತಿಳಿದಿತ್ತು. ಚಳಿಗಾಲದಲ್ಲಿ ತಯಾರಿಸಿದ್ದನ್ನು ನೆಲಮಾಳಿಗೆಯಲ್ಲಿಟ್ಟು, ಕೆರೆಗಳಿಂದ ಕೊಯ್ದು ತಂದ ಮಂಜುಗಡ್ಡೆಯಿಂದ ತಂಪಾಗಿಸಿದರು. ಮಾಳಿಗೆಯ ಮೇಲಿನ ನೆಲ ಕಾಯದಿರಲೆಂದು ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಮ್ಯೂನಿಕ್ಕಿನ ಪ್ರಸಿದ್ಧ ಬಿಯರ್ ತೋಟಗಳು ಹುಟ್ಟಿದ್ದು ಆ ನೆರಳಿನಲ್ಲೇ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರ್ ತನ್ನ ಶೀತಲ ಯಂತ್ರವನ್ನು ಮೊದಲು ಪರೀಕ್ಷಿಸಿದ್ದು ಮ್ಯೂನಿಕ್ಕಿನ ಸ್ಪಾಟೆನ್ ಬಿಯರ್ ಕಾರ್ಖಾನೆಯಲ್ಲಿ. ಇಂದು ನಮ್ಮ ಅಡುಗೆಮನೆಯಲ್ಲಿ ಗುರುಗುಟ್ಟುವ ಫ್ರಿಜ್ಜಿನ ವಂಶಾವಳಿಯಲ್ಲಿ ಬಿಯರಿಗೂ ಒಂದು ಸ್ಥಾನವಿದೆಯೆಂದರೆ ಕೆಲವರು ಹುಬ್ಬೇರಿಸಬಹುದು.

ಅಮೆರಿಕದಂತಹ ದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಈಗ ಪುಟ್ಟ ಚಿಲ್ಲರ್ ಯಂತ್ರಗಳನ್ನು ಬಳಸುತ್ತಾರೆ. ಗ್ಲೈಕಾಲ್ ಬೆರೆಸಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದು. ಅದನ್ನು ತಣಿಸಿ, ಪಂಪಿನಿಂದ ಪಾತ್ರೆಯೊಳಗಿನ ಉಕ್ಕಿನ ಸುರುಳಿಯಲ್ಲಿ ಹರಿಸುತ್ತಾರೆ. ತಾಪ ಏರಿದೊಡನೆ ಪಂಪು ತಾನಾಗಿ ಚಲಿಸುತ್ತದೆ, ಇಳಿದೊಡನೆ ನಿಲ್ಲುತ್ತದೆ. (ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯು ಮದ್ಯ ತಯಾರಿಕೆಗೆ ಪರವಾನಗಿ ಕೇಳುತ್ತದೆ ಎಂಬುದನ್ನು ಉತ್ಸಾಹಿಗಳು ಮರೆಯಬಾರದು.)

ಹತ್ತು ಲೀಟರಿನ ಹಬ್ಬದ ಜಾಡಿಗೆ ಅಷ್ಟೆಲ್ಲ ಬೇಕಿಲ್ಲ. ಅಗಲವಾದ ಟಬ್ಬಿನಲ್ಲಿ ಜಾಡಿಯ ಅರ್ಧದೆತ್ತರಕ್ಕೆ ನೀರು ತುಂಬಿ, ಫ್ರೀಜರಿನಲ್ಲಿ ಗಟ್ಟಿಯಾದ ಒಂದೆರಡು ನೀರಿನ ಬಾಟಲಿಗಳನ್ನು ಬೆಳಿಗ್ಗೆ, ಸಂಜೆ ಅದರಲ್ಲಿ ಬದಲಾಯಿಸುತ್ತ ಬಂದರೆ ಸಾಕು. ಗಾಳಿಗಿಂತ ನೀರು ಬಿಸಿಯನ್ನು ಬೇಗ ಸೆಳೆಯುತ್ತದೆ. ಜಾಡಿಗೆ ಒದ್ದೆ ಬಟ್ಟೆ ಸುತ್ತುವುದು ಬಯಲುಸೀಮೆಯ ಒಣಹವೆಯಲ್ಲಿ ಫಲಕಾರಿ. ಮಂಗಳೂರಿನ ತೇವದಲ್ಲಿ ಬಟ್ಟೆ ಒಣಗುವುದೇ ಕಷ್ಟ, ತಂಪು ಎಲ್ಲಿಂದ? ಶುಭ್ರವಾದ ಸೌಟಿನಿಂದ ಸಿಪ್ಪೆಯನ್ನು ಕೆಳಕ್ಕೆ ಕಲಕಿದ ಮೇಲೆಯೇ ತಾಪ ಅಳೆಯಬೇಕು. ಹಳೆಯ ಫ್ರಿಜ್ಜಿಗೆ ಹೊರಗಿನಿಂದ ತಾಪ ನಿಯಂತ್ರಕ ಜೋಡಿಸುವವರು ಅದರ ಸಂವೇದಕವನ್ನು ಗಾಳಿಯಲ್ಲಿ ತೂಗುಬಿಡದೆ, ಜಾಡಿಯ ಮೈಗೆ ಅಂಟಿಸಿ ಬಟ್ಟೆಯಿಂದ ಮುಚ್ಚಬೇಕು. ಬೇಕಾದದ್ದು ರಸದ ತಾಪ, ಫ್ರಿಜ್ಜಿನ ಗಾಳಿಯದಲ್ಲ.

ಹಾಗೆಂದು ಜಾಡಿಯನ್ನು ನೇರವಾಗಿ ಅಡುಗೆಮನೆಯ ಫ್ರಿಜ್ಜಿನೊಳಗೆ ತಳ್ಳುವುದು ಅಪಾಯ. ನಾಲ್ಕೈದು ಡಿಗ್ರಿಯಲ್ಲಿ ಯೀಸ್ಟ್ ಸಾಯುವುದಿಲ್ಲ, ಮಲಗುತ್ತದೆ. ನೊರೆ ನಿಂತಿತೆಂದು ಭ್ರಮಿಸಿ ಬಿಗಿಯಾಗಿ ಬಾಟಲಿ ಮುಚ್ಚಿದರೆ, ಹೊರಗಿನ ಸೆಕೆಗೆ ಅದು ಎಚ್ಚತ್ತು ಉಳಿದ ಸಕ್ಕರೆಗೆ ಕೈಹಾಕುತ್ತದೆ. ಒತ್ತಡ ಬೆಳೆದು ಗಾಜೇ ಸಿಡಿಯಬಹುದು. ಮಕ್ಕಳು ಓಡಾಡುವ ಮನೆಗಳಲ್ಲಿ ಈ ಮಾತನ್ನು ಹಗುರವಾಗಿ ಕಾಣುವಂತಿಲ್ಲ.

ಕಳೆದ ವರ್ಷ ನಾವು ಟಬ್ಬಿನ ಉಪಾಯವನ್ನೇ ಅನುಸರಿಸಿದೆವು. ರಸ 26 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತು, ಹುಳಿಯ ಸುಳಿವಿರಲಿಲ್ಲ. ಥರ್ಮಾಮೀಟರು ಹಿಡಿದು ಓಡಾಡುತ್ತಿದ್ದ ನಮ್ಮನ್ನು ಕಂಡು ಮನೆಯ ಹಿರಿಯರೊಬ್ಬರು ನಕ್ಕರು. ಅಜ್ಜಿಯ ಕಾಲದಲ್ಲಿ ಭರಣಿ ಇರುತ್ತಿದ್ದುದು ಬಾವಿಯ ಬದಿಯ ಕತ್ತಲೆ ಕೋಣೆಯಲ್ಲಿ, ದಿನವೂ ಎರಡು ಚೆಂಬು ನೀರು ಹೊಯ್ದ ಮರಳಿನಲ್ಲಿ ಅರ್ಧ ಹೂತು.