ವನಸುಮ ಮತ್ತು ಮೆಚ್ಚುಗೆಯ ಲೆಕ್ಕ: ಕೋಲಾರ ಸೀಮೆಯ ಬರಹಗಾರರನ್ನು ಕುರಿತು

ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಗುಂಡಪ್ಪನವರ (1887-1975) ‘ವನಸುಮ’ ಕವಿತೆಯು ಯಾರ ಕಣ್ಣಿಗೂ ಬೀಳದೆ ಅರಳಿ, ಹೊಗಳಿಕೆಯನ್ನು ಬಯಸದೆ ಇಲ್ಲವಾಗುವ ಕಾಡುಹೂವಿನಂತಹ ಬದುಕನ್ನು ಬೇಡುತ್ತದೆ. ಅಜ್ಞಾತವಾಗಿರುವುದನ್ನೇ ಹಂಬಲಿಸಿದ ಈ ಕವಿತೆ ಶಾಲೆಗಳಲ್ಲಿ, ವೇದಿಕೆಗಳಲ್ಲಿ ಹಾಡಲ್ಪಟ್ಟು, ಈಗ ಯೂಟ್ಯೂಬಿನಲ್ಲಿ ಕೇಳುಗರ ಸಂಖ್ಯೆಯೊಡನೆ ಕಾಣಿಸಿಕೊಳ್ಳುತ್ತಿದೆ. ಬರಹದ ಒಲವು ಮತ್ತು ಜನಪ್ರಿಯತೆಯ ಒತ್ತಡಗಳ ಸಂಬಂಧವನ್ನು ಸಾಮಾನ್ಯವಾಗಿ ಬರಹಗಾರನ ಮನೋನಿಗ್ರಹದ ಪ್ರಶ್ನೆಯೆಂದು ನೋಡಲಾಗುತ್ತದೆ. ಆದರೆ ಬರಹಗಾರನ ಅನ್ನದ ಮೂಲ ಯಾವುದು, ಓದುಗರ ಮಾತು ಅವನನ್ನು ಎಷ್ಟು ಕಾಲದ ನಂತರ ತಲುಪುತ್ತದೆ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾದವು.

ಡಿ.ವಿ.ಜಿ. ಅವರು ಜನರ ಗದ್ದಲವನ್ನು ಅರಿಯದೆ ವನಸುಮವನ್ನು ಹಾಡಿದವರಲ್ಲ. 1913ರಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದ ಅವರಿಗೆ, ಚಂದಾದಾರರಿಲ್ಲದೆ ಪತ್ರಿಕೆ ನಿಲ್ಲದೆಂಬುದು ನಿತ್ಯದ ಅನುಭವವಾಗಿತ್ತು. ಕಾಲಮಿತಿಗೆ ಬರೆಯುವ ವೃತ್ತಿಯ ಜೊತೆಗೇ ಆ ಅವಸರಕ್ಕೆ ಒಳಪಡದ ಬೇರೊಂದು ಬರಹವನ್ನು ಅವರು ಉಳಿಸಿಕೊಂಡರು. ‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. 1970ರ ಸನ್ಮಾನದಲ್ಲಿ ಬಂದ ಒಂದು ಲಕ್ಷ ರೂಪಾಯಿಯನ್ನು ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ನೀಡಿದರು.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ (1891-1986) ಸ್ಥಿತಿ ಬೇರೆ. 1943ರಲ್ಲಿ ರಾಜೀನಾಮೆ ನೀಡುವವರೆಗೆ ಅವರಿಗೆ ಮೈಸೂರು ಸರ್ಕಾರದ ಸಂಬಳವಿತ್ತು. ಕಥೆ ಅನ್ನ ಗಳಿಸಬೇಕಾಗಿರಲಿಲ್ಲ. ‘ಶ್ರೀನಿವಾಸ’ ಎಂಬ ಕಾವ್ಯನಾಮವು ಅಧಿಕಾರಿಯನ್ನೂ ಕಥೆಗಾರನನ್ನೂ ಬೇರ್ಪಡಿಸಿತ್ತು. 1956ರ ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಬಂದದ್ದು 1983ರಲ್ಲಿ, ಅಂದರೆ 27 ವರ್ಷಗಳ ಬಳಿಕ. ಈ ನಿಧಾನವನ್ನು ಕೇವಲ ಅವರ ಸಂಯಮವೆಂದು ಹೊಗಳುವುದು ಅರ್ಧಸತ್ಯವಾಗುತ್ತದೆ. ಕಾಯಲು ಬೇಕಾದ ಅನುಕೂಲವೂ ಅವರಿಗಿತ್ತು.

ಇಂದು ಕೋಲಾರದಲ್ಲೋ ಶ್ರೀನಿವಾಸಪುರದಲ್ಲೋ ಕುಳಿತು ಫೇಸ್‌ಬುಕ್ಕಿನಲ್ಲಿ ಕವಿತೆ ಪ್ರಕಟಿಸುವವರಿಗೆ ಆ ಅನುಕೂಲವಿಲ್ಲ. ತಮ್ಮ ಕವಿತೆಯನ್ನು ತಾವೇ ಎರಡನೆಯ ಬಾರಿ ಓದುವ ಮೊದಲೇ ಮೆಚ್ಚುಗೆಯ ಲೆಕ್ಕ ಬಂದಿರುತ್ತದೆ. ಹಾಗೆಂದು ಜಾಲತಾಣವನ್ನು ಹೀಗಳೆಯುವುದೂ ಸರಿಯಲ್ಲ. ಸಂಪಾದಕರ ಬಾಗಿಲಲ್ಲಿ ನಿಂತು ಹಿಂದಿರುಗಿದ ಅನೇಕರಿಗೆ ಅದು ಸಿಕ್ಕಿದ ಮೊದಲ ಪುಟ. ಕೂಡಲೇ ಬರುವ ಪ್ರತಿಕ್ರಿಯೆ ಈ ಸೀಮೆಗೆ ಹೊಸದೂ ಅಲ್ಲ. ಕೋಟಿಗಾನಹಳ್ಳಿ ರಾಮಯ್ಯನವರ ಹಾಡುಗಳು ಚಳವಳಿಯ ಸಭೆಗಳಲ್ಲಿ ಬೆಳೆದವು. ತೇರಹಳ್ಳಿ ಬೆಟ್ಟದ ‘ಆದಿಮ’ದ ಹುಣ್ಣಿಮೆ ಹಾಡಿನಲ್ಲಿಯೂ ಕೇಳುಗರು ಎದುರಿಗೇ ಇರುತ್ತಾರೆ. ಆದರೆ ಎದುರಿನ ಜನ ಮೌನವಾಗುತ್ತಾರೆ, ಕೆಮ್ಮುತ್ತಾರೆ, ದನಿಗೂಡಿಸುತ್ತಾರೆ, ಎದ್ದೂ ಹೋಗುತ್ತಾರೆ. ಇವೆಲ್ಲ ಹಾಡುವವರಿಗೆ ಪಾಠ. ಸಂಖ್ಯೆಯಲ್ಲಿ ಮೌನಕ್ಕೆ ಸ್ಥಾನವಿಲ್ಲ. ತೆಲುಗಿನೊಡನೆ ಬೆರೆತ ಶ್ರೀನಿವಾಸಪುರದ ಕನ್ನಡ ದೂರದ ಓದುಗರಿಗೆ ತಿಳಿಯದೆಂಬ ಅಳುಕಿನಿಂದ ಬರಹಗಾರರು ಅದನ್ನು ತಿದ್ದತೊಡಗಿದರೆ, ಅದರಿಂದಾಗುವ ನಷ್ಟ ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಕಗ್ಗದ ಇಂದಿನ ಪ್ರಸಾರ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 945 ಪದ್ಯಗಳ ಈ ಕೃತಿ ದಿನಕ್ಕೊಂದು ಪದ್ಯವಾಗಿ ವಾಟ್ಸಾಪಿನಲ್ಲಿ ಹರಿದಾಡುತ್ತಿದೆ. ನಾಲ್ಕು ಸಾಲಿನ ಪದ್ಯ ಮೊಬೈಲಿನ ಪರದೆಗೆ ಅಳತೆ ಮಾಡಿದಂತಿದೆ. ಆದರೆ ಹೆಚ್ಚಾಗಿ ಹರಿದಾಡುವವು ಸಮಾಧಾನ ಹೇಳುವ ಪದ್ಯಗಳು. ಆರಂಭದಲ್ಲಿ ಸೃಷ್ಟಿಯ ಅರ್ಥವನ್ನೇ ಪ್ರಶ್ನಿಸುವ, ಆ ಸಮಾಧಾನಕ್ಕೆ ಬೆಲೆ ತಂದುಕೊಡುವ ಸಂದೇಹಗಳು ಹಿಂದೆ ಉಳಿಯುತ್ತವೆ. ಡಿ.ವಿ.ಜಿ.ಯವರ ಕೃತಿಯನ್ನು ಹೀಗೆ ಬಿಡಿಸಿಕೊಂಡವರು ನಂತರದ ಓದುಗರು. ಇಂದು ಅನೇಕರು ಮೊದಲೇ ಬಿಡಿಸಿಟ್ಟಂತೆ ಬರೆಯುತ್ತಿದ್ದಾರೆ. ‘ಚಿಕವೀರ ರಾಜೇಂದ್ರ’ದಂತಹ ಕಾದಂಬರಿಯನ್ನು ಹಾಗೆ ಹಂಚಲು ಬಾರದು. ಅದನ್ನು ಎರವಲು ತಂದು ಓದಬೇಕು. ಮಾಸ್ತಿ ಗ್ರಾಮದ ಅವರ ಮನೆ ಈಗ ಗ್ರಂಥಾಲಯವಾಗಿದೆ.